ಮೇಲ್ವಿಚಾರಕಿಯನ್ನು ವಿಚಾರಿಸಿಕೊಳ್ಳೋರು ಯಾರು?

ಈ ತಿಂಗಳ ಕಾಗದಗಳನ್ನು ಜೋಡಿಸಿಕೊಂಡು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬರೆದವರಲ್ಲಿ ಬಹಳ ಜನ ಯಾವುದೋ ಒಂದು ಗುಂಪಿಗೆ ದೊಡ್ಡವರು. ‘ನನ್ನ ಕೈಕೆಳಗೆ ಇಷ್ಟು ಜನ ಇದ್ದಾರೆ’ ಅಂತ ಶುರು ಮಾಡುತ್ತಾರೆ, ‘ನನಗೇ ಯಾರೂ ಇಲ್ಲ’ ಅಂತ ಮುಗಿಸುತ್ತಾರೆ. ಅದಕ್ಕೆ ಈ ಸಲ ಗಂಡ-ಹೆಂಡತಿ ಜಗಳ, ಅತ್ತೆ-ಸೊಸೆ ವಿಷಯ ಎಲ್ಲ ಪಕ್ಕಕ್ಕಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಮನಸ್ಸಿನ ಡಾಕ್ಟರಲ್ಲ. ತುಮಕೂರು ಜಿಲ್ಲೆಯಲ್ಲಿ 31 ವರ್ಷ ಅಂಗನವಾಡಿ ಮೇಲ್ವಿಚಾರಕಿಯಾಗಿ ಬಸ್ಸು, ಟೆಂಪೋ, ಕಾಲ್ನಡಿಗೆ ಎಲ್ಲದರಲ್ಲೂ ಸುತ್ತಿದವಳು. ಈಗ ಕ್ಯಾತ್ಸಂದ್ರದಲ್ಲಿ ಮನೆ. ಗೊತ್ತಿದ್ದದ್ದು ಹೇಳುತ್ತೇನೆ, ಡಾಕ್ಟರ ಹತ್ತಿರ ಹೋಗಬೇಕಾದ್ದಕ್ಕೆ ಹೋಗಿ ಅಂತಲೇ ಹೇಳುತ್ತೇನೆ.

ನಾನು ಕಲ್ಲಾಗಿಬಿಟ್ಟೆನಾ?

ಮೇಡಂ, ನಾನೂ ನಿಮ್ಮ ಹಾಗೇ ಅಂಗನವಾಡಿ ಮೇಲ್ವಿಚಾರಕಿ. ನನ್ನದು 23 ಕೇಂದ್ರ. ಪಕ್ಕದ ವೃತ್ತದ ಹುದ್ದೆ ಖಾಲಿ ಇದೆ, ಅದರ 19 ಕೇಂದ್ರಗಳೂ ನನ್ನ ತಲೆಗೇ. ಬೆಳಿಗ್ಗೆ ಆರಕ್ಕೆ ಫೋನ್ ಶುರುವಾಗುತ್ತೆ. ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಹಿಡೀತಿಲ್ಲ ಅಂತ ಒಬ್ಬರು, ಮೊಟ್ಟೆ ದುಡ್ಡು ಕೈಯಿಂದ ಹಾಕಿ ಸಾಕಾಗಿದೆ ಅಂತ ಒಬ್ಬರು, ರಾತ್ರಿ ಗಂಡ ಕುಡಿದು ಬಂದು ಹೊಡೆದ ಅಂತ ಇನ್ನೊಬ್ಬರು. ಎಲ್ಲರಿಗೂ ಧೈರ್ಯ ಹೇಳುತ್ತೇನೆ. ತಾಲ್ಲೂಕು ಸಭೆಗೆ ಹೋದರೆ ನನ್ನನ್ನು ಎಲ್ಲರೆದುರು ನಿಲ್ಲಿಸಿ ಪರ್ಸೆಂಟೇಜ್ ಓದುತ್ತಾರೆ. ಉತ್ತರ ಹೇಳೋಕೆ ಬಾಯಿ ತೆರೆಯೋಷ್ಟರಲ್ಲಿ ‘ನೆಕ್ಸ್ಟ್’ ಅಂತಾರೆ. ಹೋದ ತಿಂಗಳು ನಮ್ಮ ವೃತ್ತದ ಸಭೆಯಲ್ಲಿ ಒಬ್ಬ ಕಾರ್ಯಕರ್ತೆ ಅತ್ತುಬಿಟ್ಟರು. ಅವರ ಕೇಂದ್ರದ ಒಂದು ಮಗು ತೀರಾ ಇಳಿದುಹೋಗಿದೆ, ತಾಯಿ ಆಸ್ಪತ್ರೆಗೆ ಬರೋಕೆ ಒಪ್ತಿಲ್ಲ ಅಂತ. ನನಗೆ ಏನೂ ಅನ್ನಿಸಲಿಲ್ಲ ಮೇಡಂ. ‘ಬೇಗ ಮುಗಿಸಿ, ಮುಂದಿನವರು’ ಅಂದೆ. ರಾತ್ರಿ ಅದೇ ಮಾತು ಕಿವಿಯಲ್ಲಿ. ಮಗನಿಗೆ ಊಟ ಬಡಿಸುವಾಗ ಸಾರು ಚೆಲ್ಲಿದ ಅಂತ ಬೆನ್ನಿಗೆ ಒಂದು ಕೊಟ್ಟೆ. ನಾನು ಇಷ್ಟು ಕಲ್ಲಾಗಿಬಿಟ್ಟೆನಾ? ತಾಲ್ಲೂಕಿನ ಹೆಸರು ಹಾಕಬೇಡಿ. ಇರೋದೇ ಬೆರಳೆಣಿಕೆ ಜನ, ಗೊತ್ತಾಗಿಬಿಡುತ್ತೆ.
— ಓದುಗಿ, ತುಮಕೂರು ಜಿಲ್ಲೆ

ತಂಗಿ, ಕಲ್ಲಾದವರಿಗೆ ರಾತ್ರಿ ಆ ಮಾತು ಕಿವಿಯಲ್ಲಿ ಕೂರೋದಿಲ್ಲ. ಇನ್ನೊಂದು ವಿಷಯ ನಿಮ್ಮ ಕಾಗದದಲ್ಲೇ ಇದೆ, ಬರೆಯುವಾಗ ನಿಮಗೇ ಕಾಣಿಸಲಿಲ್ಲವೇನೋ. ತಾಲ್ಲೂಕು ಸಭೆಯಲ್ಲಿ ನಿಮಗೆ ‘ನೆಕ್ಸ್ಟ್’ ಅಂದರು. ವೃತ್ತದ ಸಭೆಯಲ್ಲಿ ನೀವು ‘ಮುಂದಿನವರು’ ಅಂದಿರಿ. ಕನ್ನಡಕ್ಕೆ ತಂದಿರಿ, ಅಷ್ಟೇ. ಆ ಕಾರ್ಯಕರ್ತೆ ಮಾರನೇ ದಿನ ಆ ತಾಯಿಯ ಮುಂದೆ ಯಾವ ದನಿಯಲ್ಲಿ ಮಾತಾಡಿರಬಹುದು ಯೋಚಿಸಿ. ಆ ತಾಯಿ ಮನೆಗೆ ಹೋಗಿ ಮಗು ಹತ್ತಿರ? ನಿಮ್ಮ ಮಗನ ಬೆನ್ನಿಗೆ ಬಿದ್ದದ್ದೂ ಆ ತಾಲ್ಲೂಕು ಸಭೆಯಿಂದಲೇ ಹೊರಟದ್ದು.

ನಾನು ಇದನ್ನು ಓದಿ ಕಲಿತವಳಲ್ಲ. ನನ್ನದೂ ಒಂದು ಕಥೆ ಇದೆ. ಇದುವರೆಗೆ ಈ ಅಂಕಣದಲ್ಲಿ ಬರೆದಿರಲಿಲ್ಲ.

1994ನೇ ಇಸವಿ, ಬೇಸಿಗೆ. ಆಗ ನಾನು ಪಾವಗಡದ ಕಡೆ ಇದ್ದೆ. ತುಮಕೂರಿಂದ ನೂರು ಕಿಲೋಮೀಟರ್ ಹತ್ತಿರ, ಮೂರು ಕಡೆ ಆಂಧ್ರ, ಮನೆಮಾತು ಬಹಳ ಕಡೆ ತೆಲುಗು. ಒಂದು ಹಳ್ಳಿಯಲ್ಲಿ ಒಂದೂವರೆ ವರ್ಷದ ಮಗು ತೀರಿಕೊಂಡಿತು. ತೂಕದ ಚಾರ್ಟ್‌ನಲ್ಲಿ ಆ ಮಗು ಮೂರನೇ ದರ್ಜೆಯಲ್ಲಿತ್ತು, ಅಂದರೆ ತೂಕ ತೀರಾ ಕಡಿಮೆ. ಆಗ ಹಾಗೇ ಎಣಿಸುತ್ತಿದ್ದೆವು, ಈಗಿನ ಬಣ್ಣದ ಲೆಕ್ಕ ಆಮೇಲೆ ಬಂದದ್ದು. ವಿಷಯ ತಿಳಿದು ಮೂರನೇ ದಿನ ಹೋದೆ. ಕಾರ್ಯಕರ್ತೆ ಕೇಂದ್ರದ ಬಾಗಿಲಲ್ಲಿ ನಿಂತಿದ್ದಳು. ಮಕ್ಕಳನ್ನು ಬೇಗ ಮನೆಗೆ ಕಳಿಸಿಬಿಟ್ಟಿದ್ದಳು. ಒಳಗೆ ಕಾಳು ಬೆಂದ ವಾಸನೆ ಇನ್ನೂ ಇತ್ತು. ನಾನು ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ: ‘ತೂಕದ ರಿಜಿಸ್ಟರ್ ಎಲ್ಲಿ?’

ತಂದುಕೊಟ್ಟಳು. ಎರಡು ತಿಂಗಳ ಕಾಲಂ ಖಾಲಿ. ನಾನು ಶುರು ಮಾಡಿದೆ ನೋಡಿ. ಏನೇನು ಅಂದೆನೋ ಎಲ್ಲ ನೆನಪಿಲ್ಲ. ‘ನಿನ್ನಿಂದ ನನ್ನ ಕೆಲಸಕ್ಕೆ ಕುತ್ತು’ ಅಂದದ್ದು ನೆನಪಿದೆ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಿದ್ದಳು. ಕೊನೆಗೆ ‘ಏಂ ಚೆಪ್ಪೇದಿ ಮೇಡಂ’ ಅಂದಳು. ಏನು ಹೇಳಲಿ ಅಂತ. ನಾನು ಸಹಿ ಹಾಕಿ ವಾಪಸ್ ಬಂದೆ.

ತಕ್ಕಡಿಯ ಸ್ಪ್ರಿಂಗ್ ಹೋಗಿತ್ತು. ಅದಕ್ಕೇ ಕಾಲಂ ಖಾಲಿ. ಬೇರೆ ತಕ್ಕಡಿ ಬೇಕು ಅಂತ ಅವಳು ಅರ್ಜಿ ಬರೆದು ಕೊಟ್ಟಿದ್ದಳು. ಆ ಅರ್ಜಿ ನನ್ನ ಬ್ಯಾಗಿನಲ್ಲೇ ಇತ್ತು. ಟಿಫಿನ್ ಡಬ್ಬಿಯ ಎಣ್ಣೆ ಹತ್ತಿ, ಮಡಿಕೆ ಬಿದ್ದು, ಕಚೇರಿಗೆ ಕೊಡಬೇಕು ಅಂತ ಇಟ್ಟುಕೊಂಡು ಏಳು ವಾರ ಆಗಿತ್ತು.

ಇದನ್ನು ನಾನು ಯಾರಿಗೂ ಹೇಳಲಿಲ್ಲ. ಯಜಮಾನರಿಗೂ ಇಲ್ಲ. ನಾಲ್ಕು ತಿಂಗಳು ನಾನು ಇದ್ದ ರೀತಿ ನಿಮ್ಮ ಕಾಗದದಲ್ಲಿ ಬರೆದ ಹಾಗೇ. ಯಾರ ಮಾತೂ ಒಳಗಿಳಿಯದು, ಎಲ್ಲರ ಮೇಲೂ ಸಿಡುಕು, ಭಾನುವಾರ ಸಂಜೆಯಾದರೆ ಹೊಟ್ಟೆ ತೊಳಸೋದು.

ನಮ್ಮಲ್ಲಿ ಒಬ್ಬರು ಹಿರಿಯ ಮೇಲ್ವಿಚಾರಕಿ ಇದ್ದರು. ನಿವೃತ್ತಿಗೆ ಎರಡು ವರ್ಷ ಇತ್ತು. ತಿಂಗಳ ಸಭೆ ಮುಗಿದ ಮೇಲೆ ಮಧುಗಿರಿ ಬಸ್ ಸ್ಟಾಂಡಿನಲ್ಲಿ ತುಮಕೂರು ಬಸ್ಸಿಗೆ ಕಾಯುತ್ತಿದ್ದೆವು. ಅವತ್ತು ಅವರು ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋಗಿ ಒಂದು ಬೈಟು ಕಾಫಿ ಹೇಳಿದರು. ‘ಯಾಕೋ ಈ ನಡುವೆ ನೀನು ನೀನಾಗಿಲ್ಲ’ ಅಂದರು. ನಾನು ಏನಿಲ್ಲ ಅಂದೆ. ಅವರು ಸುಮ್ಮನೆ ಕೂತರು. ಬಸ್ಸು ಬಂತು, ಹೋಯಿತು. ಎದ್ದೇಳಲಿಲ್ಲ. ಆಗ ನಾನು ಮಗು ತೀರಿಕೊಂಡದ್ದು ಹೇಳಿದೆ. ‘ಆಮೇಲೆ?’ ಅಂದರು. ರಿಜಿಸ್ಟರ್ ಕೇಳಿದ್ದು ಹೇಳಿದೆ. ‘ಆಮೇಲೆ?’ ಬೈದದ್ದು ಹೇಳಿದೆ. ‘ಆಮೇಲೆ?’ ಆಮೇಲೆ ಬ್ಯಾಗಿನ ವಿಷಯ ಬಂತು. ಹೋಟೆಲಿನವರು ನೋಡುತ್ತಿದ್ದಾರೆ ಅಂತಲೂ ಗೊತ್ತಾಗಲಿಲ್ಲ, ಅಷ್ಟು ಅತ್ತೆ.

ಅವರು ‘ಪರವಾಗಿಲ್ಲ ಬಿಡು’ ಅನ್ನಲಿಲ್ಲ. ‘ತಪ್ಪು ನಿಂದೇ’ ಅಂತಲೂ ಅನ್ನಲಿಲ್ಲ. ಬಹಳ ಹೊತ್ತಾದ ಮೇಲೆ ಒಂದೇ ಕೇಳಿದರು: ‘ಆ ಹುಡುಗಿ ಈಗ ಹೇಗಿದ್ದಾಳೆ?’ ನಾನು ನಾಲ್ಕು ತಿಂಗಳಿಂದ ಆ ಹಳ್ಳಿಗೇ ಹೋಗಿರಲಿಲ್ಲ. ಆ ಕಡೆ ಹೋಗುವ ಬಸ್ಸು ನೋಡಿದರೆ ಮುಖ ತಿರುಗಿಸುತ್ತಿದ್ದೆ.

ಮುಂದಿನ ವಾರ ಹೋದೆ. ಸಿನಿಮಾದ ಹಾಗೆ ತಬ್ಬಿಕೊಂಡು ಅತ್ತದ್ದೇನಿಲ್ಲ. ಅರ್ಜಿ ನನ್ನ ಹತ್ತಿರವೇ ಉಳಿದಿತ್ತು ಅಂತ ಹೇಳಿದೆ. ‘ಗೊತ್ತಿತ್ತು ಮೇಡಂ’ ಅಂದಳು. ಒಂದು ಲೋಟ ಮಜ್ಜಿಗೆ ಕೊಟ್ಟಳು. ಅವಳು ಆಮೇಲೂ ನನ್ನ ಹತ್ತಿರ ಅಷ್ಟಾಗಿ ಬೆರೆಯಲಿಲ್ಲ. ಆದರೆ ನಾನು ಬಂದರೆ ಮಕ್ಕಳನ್ನು ಬೇಗ ಮನೆಗೆ ಕಳಿಸುವುದನ್ನು ಬಿಟ್ಟಳು.

ಅವತ್ತಿನಿಂದ ಆ ಹಿರಿಯರೂ ನಾನೂ ಪ್ರತಿ ತಿಂಗಳ ಸಭೆ ದಿನ ಒಂದು ಬಸ್ಸು ಬಿಡುತ್ತಿದ್ದೆವು. ಅವರು ನಿವೃತ್ತರಾದ ಮೇಲೂ ನಡೆಯಿತು. ಬಹಳ ವರ್ಷ ಆದ ಮೇಲೆ ಬೆಂಗಳೂರಲ್ಲಿ ಒಂದು ತರಬೇತಿಯಲ್ಲಿ ಕೂತಾಗ ತಿಳಿಯಿತು, ಅಮೆರಿಕದಲ್ಲಿ ಇದಕ್ಕೆ ಹೆಸರೇ ಇದೆಯಂತೆ, ರಿಫ್ಲೆಕ್ಟಿವ್ ಸೂಪರ್ವಿಷನ್ ಅಂತ. ಹಸುಗೂಸು ಇರುವ ಮನೆಗಳಿಗೆ ಹೋಗಿ ಕೆಲಸ ಮಾಡುವವರಿಗೆ ಅಲ್ಲಿ ಇದು ಕೆಲಸದ ಒಂದು ಭಾಗ. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಹೊತ್ತು, ತಪ್ಪಿಸುವ ಹಾಗಿಲ್ಲ. ಎಷ್ಟು ಮನೆಗೆ ಹೋದೆ, ಎಷ್ಟು ಫಾರಂ ತುಂಬಿದೆ ಅನ್ನೋದು ಆ ಹೊತ್ತಿನಲ್ಲಿ ಬರೋದಿಲ್ಲ. ಆ ಮನೆಯಲ್ಲಿ ಕೂತಾಗ ನಿನಗೆ ಏನನ್ನಿಸಿತು, ಆ ತಾಯಿಗೆ ಏನನ್ನಿಸಿರಬಹುದು, ಆ ಮಗುವಿಗೆ ಹೇಗಿದ್ದಿರಬಹುದು — ಇಷ್ಟನ್ನು ಇಬ್ಬರೂ ಕೂತು ನಿಧಾನಕ್ಕೆ ತಿರುಗಿ ನೋಡುವುದು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಇದು ಬೈಟು ಕಾಫಿಯಲ್ವಾ!

ನಮ್ಮ ಹುದ್ದೆಯ ಹೆಸರನ್ನೇ ನೋಡಿ. ಮೇಲ್ವಿಚಾರಣೆ. ಮೇಲೆ ಕೂತು ವಿಚಾರಣೆ ಮಾಡೋದು ಅಂತ ಪೊಲೀಸ್ ಠಾಣೆಯ ಅರ್ಥ ಬಂದುಬಿಟ್ಟಿದೆ. ಆದರೆ ನೆಂಟರ ಮನೆಯಿಂದ ಬಂದವರು ‘ಚೆನ್ನಾಗಿ ವಿಚಾರಿಸಿಕೊಂಡರು’ ಅನ್ನುತ್ತಾರಲ್ಲ, ಅದೂ ಇದೇ ಮಾತು. ಊಟ ಆಯ್ತಾ, ನಿದ್ದೆ ಬಂತಾ, ಕಾಲುನೋವು ಹೇಗಿದೆ ಅಂತ ಕೇಳಿದರು ಅಂತ ಅರ್ಥ. (ರೌಡಿಗಳೂ ‘ವಿಚಾರಿಸಿಕೊಳ್ತೀನಿ’ ಅಂತಾರೆ, ಅದು ಬೇರೆ.) ನೀವು 42 ಕೇಂದ್ರಗಳನ್ನು ವಿಚಾರಿಸಿಕೊಳ್ಳುತ್ತಿದ್ದೀರಿ. ನಿಮ್ಮನ್ನು ವಿಚಾರಿಸಿಕೊಳ್ಳೋರು ಒಬ್ಬರು ಬೇಕು.

ಯಾರು? ನಿಮ್ಮ ಮೇಲಿನ ಅಧಿಕಾರಿ ಬೇಡ. ನಿಮ್ಮ ಕೆಲಸಕ್ಕೆ ಅಂಕ ಹಾಕುವವರ ಮುಂದೆ ಬ್ಯಾಗಿನ ವಿಷಯ ಬಾಯಿಗೆ ಬರೋದಿಲ್ಲ. ಮನೆಯವರೂ ಬೇಡ. ಅವರಿಗೆ ನಿಮ್ಮ ಕಷ್ಟ ನೋಡಿ ಸಂಕಟ ಆಗಿ ‘ಬಿಟ್ಟುಬಿಡು ಆ ಕೆಲಸ’ ಅಂದುಬಿಡುತ್ತಾರೆ. ಪಕ್ಕದ ತಾಲ್ಲೂಕಿನ ಒಬ್ಬ ಮೇಲ್ವಿಚಾರಕಿ, ನಿವೃತ್ತರಾದ ಒಬ್ಬರು, ಆರೋಗ್ಯ ಇಲಾಖೆಯ ಹಿರಿಯ ಸಿಸ್ಟರ್ ಒಬ್ಬರು, ಹೀಗೆ ಯಾರಾದರೂ ನಿಮ್ಮ ಕೆಲಸ ಗೊತ್ತಿರುವ, ನಿಮ್ಮಿಂದ ಏನೂ ಆಗಬೇಕಾಗಿಲ್ಲದವರು. ಎರಡು ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಸಾಕು. ಫೋನಿನಲ್ಲಾದರೂ ಸರಿ. ಆದರೆ ದಿನ ಗೊತ್ತುಮಾಡಿ. ‘ಬಿಡುವಾದಾಗ ಮಾತಾಡೋಣ’ ಅಂದರೆ ಬಿಡುವು ಆಗೋದೇ ಇಲ್ಲ, ನಿಮಗೂ ಗೊತ್ತು. ಒಂದು ಸಲಕ್ಕೆ ಒಂದೇ ಘಟನೆ ಎತ್ತಿಕೊಳ್ಳಿ. ಮಗುವಿನ ಹೆಸರು, ತಾಯಿಯ ಹೆಸರು ಹೇಳಬೇಡಿ. ಕೇಳುವವರಿಗೆ ಮೊದಲೇ ಹೇಳಿಬಿಡಿ, ಮೊದಲ ಅರ್ಧ ಗಂಟೆ ಸಲಹೆ ಕೊಡಬಾರದು ಅಂತ. ಕಷ್ಟ ಇದು. ನಮ್ಮ ಜನಕ್ಕೆ ಸಲಹೆ ಕೊಡದೆ ಕೂರೋದು ಅಂದರೆ ಉಪವಾಸ ಇದ್ದ ಹಾಗೆ.

ಬೆಳಿಗ್ಗೆ ಆರರ ಫೋನಿನ ವಿಷಯ. ತುರ್ತು ಬಿಟ್ಟು ಉಳಿದದ್ದಕ್ಕೆ ಎಂಟರ ಮೇಲೆ ಮಾಡಿ ಅಂತ ಗ್ರೂಪಿನಲ್ಲಿ ಹಾಕಿ. ಎರಡು ದಿನ ಗೊಣಗುತ್ತಾರೆ. ಯಾರಾದರೂ ಅಳುತ್ತಾ ಮಾಡಿದರೆ ಒಂದು ಮಾತು ಕೇಳಿ: ‘ಈಗ ನಾನು ಸುಮ್ಮನೆ ಕೇಳಬೇಕಾ, ಇಲ್ಲ ಏನಾದರೂ ಮಾಡಬೇಕಾ?’ ಹತ್ತರಲ್ಲಿ ಏಳು ಜನ ‘ಕೇಳಿದರೆ ಸಾಕು’ ಅಂತಲೇ ಅನ್ನೋದು, ಇದು ನನ್ನ ಅನುಭವದ ಲೆಕ್ಕ. ಗಂಡ ಹೊಡೆದ ಅಂದವರು ಬೇರೆ. ಅವರಿಗೆ 181 ಮಹಿಳಾ ಸಹಾಯವಾಣಿ ಕೊಡಿ, ನೀವೇ ಹೊತ್ತುಕೊಳ್ಳಬೇಡಿ.

ಅತ್ತ ಕಾರ್ಯಕರ್ತೆಯ ಕೇಂದ್ರಕ್ಕೆ ಈ ವಾರವೇ ಹೋಗಿ. ರಿಜಿಸ್ಟರ್ ಕೇಳಬೇಡಿ. ಆ ಮಗುವಿನ ತೋಳಿನ ಸುತ್ತಳತೆಯನ್ನು ಬಣ್ಣದ ಅಳತೆ ಪಟ್ಟಿಯಿಂದ ಅಳೆಸಿ. 11.5 ಸೆಂಟಿಮೀಟರಿಗಿಂತ ಕಡಿಮೆ, ಅಂದರೆ ಕೆಂಪು ಭಾಗದಲ್ಲಿದ್ದರೆ ಕಾಯುವಂತಿಲ್ಲ. ಇಬ್ಬರೂ ಸೇರಿ ಆ ತಾಯಿಯ ಮನೆಗೆ ಹೋಗಿ. ಯಾಕೆ ಬರೋಕೆ ಒಪ್ಪುತ್ತಿಲ್ಲ ಅಂತ ಯಾರಾದರೂ ಕೂತು ಕೇಳಿದ್ದಾರಾ? ನನಗೆ ಗೊತ್ತಿದ್ದ ಎಷ್ಟೋ ತಾಯಂದಿರು ಮನೆಯಲ್ಲಿ ಇನ್ನೊಂದು ಮಗುವನ್ನು ನೋಡಿಕೊಳ್ಳೋರಿಲ್ಲ ಅಂತ ಆಸ್ಪತ್ರೆಗೆ ಬರುತ್ತಿರಲಿಲ್ಲ, ಹಟಕ್ಕಲ್ಲ.

ಮಗನಿಗೆ ‘ಅವತ್ತು ಹೊಡೆದದ್ದು ಸಾರಿಗಲ್ಲ ಕಣೋ’ ಅಂತ ಹೇಳಿಬಿಡಿ. ಮಕ್ಕಳಿಗೆ ಅರ್ಥ ಆಗುತ್ತೆ.

ಇನ್ನೊಂದು, ಕಟುವಾದ ಮಾತು. ಖಾಲಿ ಹುದ್ದೆ ಮಾತಾಡಿ ತುಂಬೋದಿಲ್ಲ. 42 ಕೇಂದ್ರ ಒಬ್ಬರ ಕೈಲಿ ಆಗೋ ಕೆಲಸ ಅಲ್ಲ. ಯಾವ ಕೇಂದ್ರಕ್ಕೆ ತಿಂಗಳಿಗೆ ಎಷ್ಟು ಸಲ ಹೋಗಲು ಆಯಿತು, ಎಷ್ಟಕ್ಕೆ ಆಗಲಿಲ್ಲ ಅಂತ ದಿನಾಂಕ ಸಮೇತ ಬರೆದು ಕಚೇರಿಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಕಣ್ಣೀರಿಗೆ ಸ್ವೀಕೃತಿ ಸಿಗೋದಿಲ್ಲ, ಕಾಗದಕ್ಕೆ ಸಿಗುತ್ತೆ.

ನಿನ್ನೆ ಗೆಳೆಯ, ಇವತ್ತು ‘ಮ್ಯಾನೇಜ್ಮೆಂಟ್’

ಅಮ್ಮಾ, ನಾನು ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಲೈನ್ ಲೀಡರ್. ವಯಸ್ಸು 29. ಆರು ವರ್ಷ ಅದೇ ಲೈನಿನಲ್ಲಿ ಆಪರೇಟರ್ ಆಗಿದ್ದೆ. ಈಗ 34 ಜನ ನನ್ನ ಕೆಳಗೆ. ಎಲ್ಲ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ತಿಂದವರು. ನೈಟ್ ಶಿಫ್ಟಿನಲ್ಲಿ ನನ್ನ ಗೆಳೆಯ ಮಿಷನ್ ಪಕ್ಕ ನಿದ್ದೆ ಹೋದ. ಎರಡನೇ ಸಲ. ಮೆಮೊ ಬರೆಯಲೇಬೇಕಾಯಿತು. ಅವನ ಹೆಂಡತಿ ಬಸುರಿ, ಮನೆಯಲ್ಲಿ ನಿದ್ದೆ ಇಲ್ಲ ಅಂತ ನನಗೆ ಗೊತ್ತು. ಈಗ ನಾನು ಬಂದರೆ ಕ್ಯಾಂಟೀನಿನಲ್ಲಿ ಮಾತು ನಿಲ್ಲುತ್ತೆ. ಸಾಹೇಬರಿಗೆ ಹೇಳಿದರೆ ‘ಎಮೋಷನಲ್ ಆಗ್ಬೇಡ, ನಂಬರ್ ನೋಡು’ ಅಂದರು. ಶಿಫ್ಟ್ ಮುಗಿಸಿ ಬಂದರೂ ಮನೆ ಮುಂದೆ ಬೈಕ್ ಮೇಲೆ ಇಪ್ಪತ್ತು ನಿಮಿಷ ಕೂತೇ ಒಳಗೆ ಹೋಗ್ತೀನಿ. ಇದು ಕಾಯಿಲೆನಾ?
— ಓದುಗ, ಕೋರ

ಕಾಯಿಲೆ ಅಲ್ಲ ತಮ್ಮಾ. ಹೊರಗಿನ ಕೊಳೆ ಮನೆಯೊಳಗೆ ತುಳಿಯಬಾರದು ಅಂತ ಕಾಲು ತೊಳೆಯುತ್ತಾ ಕೂತಿದ್ದೀರಿ. ಇಪ್ಪತ್ತು ನಿಮಿಷ ಒಂದು ಗಂಟೆ ಆದರೆ, ಕೈಗೆ ಬಾಟಲಿ ಬಂದರೆ ಆಗ ನನಗೆ ಮತ್ತೆ ಬರೆಯಿರಿ.

ನಿಮ್ಮೂರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿರುತ್ತೀರಿ. ಬ್ಯಾಟಿಂಗ್ ಮಾಡೋ ಟೀಮಿನ ಹುಡುಗನೇ ಅಂಪೈರ್ ನಿಲ್ಲೋದು. ತನ್ನವನಿಗೆ ಔಟ್ ಕೊಟ್ಟರೆ ತನ್ನವರು ಬೈತಾರೆ, ಕೊಡದಿದ್ದರೆ ಎದುರಿನವರು. ನಿಮ್ಮದು ಈಗ ಅದೇ ಜಾಗ. ಈ ಜಾಗದಲ್ಲಿ ಎಲ್ಲರಿಗೂ ಒಳ್ಳೆಯವರಾಗಿರೋಕೆ ಆಗಲ್ಲ. ಅದು ನಿಮ್ಮ ಗುಣದ ದೋಷ ಅಂದುಕೊಂಡು ಕೊರಗಬೇಡಿ.

ಆದರೂ ಒಂದು ಕಡೆ ನೀವು ಎಡವಿದ್ದೀರಿ ಅನ್ನಿಸುತ್ತೆ. ಮೆಮೊ ಬರೆದಿರಿ, ಸರಿ. ಮಿಷನ್ ಪಕ್ಕ ನಿದ್ದೆ ಅಂದರೆ ಬೆರಳು ಹೋಗೋ ವಿಷಯ. ಆದರೆ ಬರೆಯುವ ಮುಂಚೆ ಅವನಿಗೆ ಹೇಳಿದಿರಾ? ಕಾಗದದಲ್ಲಿ ಎಲ್ಲೂ ಇಲ್ಲ. ಅವನಿಗೆ ನೋವಾಗಿರೋದು ಆ ಹಾಳೆಗಿಂತ ಜಾಸ್ತಿ, ಅದು ನಿಮ್ಮ ಬಾಯಿಂದ ಮೊದಲು ಬರಲಿಲ್ಲ ಅನ್ನೋದಕ್ಕೆ ಇರಬಹುದು. ಈಗಲೂ ಹೋಗಿ. ಕಾರ್ಖಾನೆಯಲ್ಲಿ ಬೇಡ. ಅವನ ಮನೆಗೆ, ಒಂದು ಹಣ್ಣಿನ ಕವರ್ ಹಿಡಿದುಕೊಂಡು. ‘ಬರೆದದ್ದು ತಪ್ಪು’ ಅನ್ನಬೇಡಿ, ಯಾಕೆಂದರೆ ಅದು ತಪ್ಪಲ್ಲ. ‘ನಿನಗೆ ಮೊದಲು ಹೇಳಬೇಕಿತ್ತು’ ಅನ್ನಿ. ಹೆರಿಗೆ ಆಗೋವರೆಗೆ ನೈಟ್ ಶಿಫ್ಟ್ ಬದಲಾಯಿಸೋಕೆ ಆಗುತ್ತಾ ಅಂತ ನೋಡಿ. ಅದು ಎಮೋಷನಲ್ ಅಲ್ಲ. ನಿದ್ದೆಗೆಟ್ಟವನನ್ನು ಮಿಷನ್ ಮುಂದೆ ನಿಲ್ಲಿಸಿದರೆ ಸಾಹೇಬರ ನಂಬರ್ರೇ ಕೆಡೋದು. ಹಾಗೆ ಹೇಳಿದರೆ ಅವರಿಗೂ ಕೇಳಿಸುತ್ತೆ.

ನಿಮಗೂ ಒಬ್ಬರು ಬೇಕು. ಆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೇರೆ ಕಂಪನಿಗಳ ಲೈನ್ ಲೀಡರುಗಳು ಎಷ್ಟು ಜನ ಇಲ್ಲ! ಅದೇ ಹೈವೇಯಲ್ಲಿ ಅದೇ ಟೀ ಅಂಗಡಿಯಲ್ಲಿ ನಿಲ್ಲುತ್ತಾರೆ. ನಿಮ್ಮ ಕಂಪನಿಯವರೇ ಬೇಡ, ಮಾತು ಕಾಂಪೌಂಡ್ ಒಳಗೇ ಸುತ್ತುತ್ತೆ. ಬೈಕ್ ಮೇಲೆ ಒಬ್ಬರೇ ಕೂರೋ ಇಪ್ಪತ್ತು ನಿಮಿಷದಲ್ಲಿ ವಾರಕ್ಕೆ ಒಂದು ದಿನದ್ದನ್ನು ಅಂಥವನೊಬ್ಬನ ಜೊತೆ ಟೀ ಅಂಗಡಿಯಲ್ಲಿ ಕಳೆಯಿರಿ. ಸಂಬಳದ ಮಾತು, ಸಾಹೇಬರ ಬೈಗುಳದ ಮಾತು ಹತ್ತು ನಿಮಿಷಕ್ಕೆ ಮುಗಿಸಿ. ಆಮೇಲೆ ಈ ವಾರ ನಾನು ಏನು ಮಾಡಿದೆ, ಯಾಕೆ ಹಾಗೆ ಮಾಡಿದೆ ಅಂತ ಒಂದನ್ನಾದರೂ ಹೇಳಿ. ಮೊದಮೊದಲು ನಾಚಿಕೆ ಆಗುತ್ತೆ. ಗಂಡಸರಿಗೆ ಇನ್ನೂ ಜಾಸ್ತಿ.

ಭಾನುವಾರದ ಶಿಬಿರ

ತಿಪಟೂರಿನ ಹತ್ತಿರ ಒಂದು ಶಾಲೆಯಲ್ಲಿ ನಾನು ಮುಖ್ಯಶಿಕ್ಷಕ. ಶಿಕ್ಷಕರು ಸುಸ್ತಾಗಿದ್ದಾರೆ ಅಂತ ಆಡಳಿತ ಮಂಡಳಿಗೆ ನಾನೇ ಹೇಳಿದೆ. ಅವರು ಬೆಂಗಳೂರಿಂದ ಒಬ್ಬರನ್ನು ಕರೆಸಿ ಭಾನುವಾರ ‘ಒತ್ತಡ ನಿರ್ವಹಣೆ’ ಶಿಬಿರ ಇಟ್ಟಿದ್ದಾರೆ. ಕಡ್ಡಾಯ ಹಾಜರಿ. ಇದರಿಂದ ಉಪಯೋಗ ಇದೆಯಾ?
— ಓದುಗ, ತಿಪಟೂರು

ಸುಸ್ತಾದವರ ಭಾನುವಾರ ಕಿತ್ತುಕೊಂಡು ಸುಸ್ತು ಕಳೆಯುವುದು ಹೇಗೆ ಅಂತ ಹೇಳಿಕೊಡೋದು! ನಗು ಬಂತು ಸಾರ್, ತಪ್ಪು ತಿಳಿಯಬೇಡಿ. ಉಸಿರಾಟ ಕಲಿತರೆ ಕೆಟ್ಟದ್ದೇನಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ‘ಬರ್ನ್‌ಔಟ್’ ಬಗ್ಗೆ ಏನು ಹೇಳಿತು ಅಂತ ನಿಮ್ಮ ಮಂಡಳಿಗೆ ತಿಳಿಸಿ. ಅದನ್ನು ಕಾಯಿಲೆ ಅಂತ ಕರೆಯಲಿಲ್ಲ. ಕೆಲಸದ ಜಾಗದ ಒತ್ತಡ ಬಹುಕಾಲ ಸರಿಯಾಗಿ ನಿಭಾಯಿಸದೆ ಹೋದಾಗ ಬರೋದು ಅಂತ ಹೇಳಿತು. ಮೈಯಲ್ಲಿ ಶಕ್ತಿ ಇಲ್ಲದ ಹಾಗಾಗುತ್ತೆ, ಕೆಲಸ ಅಂದರೆ ವಾಕರಿಕೆ ಬರುತ್ತೆ, ಮಾಡಿದ್ದು ಯಾವುದೂ ಸಾರ್ಥಕ ಅನ್ನಿಸಲ್ಲ. ಹಾಗಾದರೆ ಮೊದಲು ನೋಡಬೇಕಾದ್ದು ಟೈಮ್‌ಟೇಬಲ್ಲು, ಉಸಿರಲ್ಲ.

ಖರ್ಚಿಲ್ಲದ ಒಂದು ದಾರಿ ಇದೆ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಮೈಕಲ್ ಬಾಲಿಂಟ್ ಅಂತ ಒಬ್ಬ ಮನೋವಿಶ್ಲೇಷಕರು ಇದ್ದರು, ಹುಟ್ಟಿದ್ದು ಹಂಗೇರಿಯಲ್ಲಿ. ಅವರು ಊರಿನ ಸಾಮಾನ್ಯ ಡಾಕ್ಟರುಗಳನ್ನು ಗುಂಪಾಗಿ ಕೂರಿಸುತ್ತಿದ್ದರು. ಒಬ್ಬ ಡಾಕ್ಟರು ತನ್ನ ತಲೆ ತಿನ್ನುತ್ತಿರುವ ಒಬ್ಬ ರೋಗಿಯ ಕಥೆ ಹೇಳಬೇಕು. ಅವರ ಹೆಸರಿನ ಗುಂಪುಗಳು ಈಗಲೂ ಎಷ್ಟೋ ದೇಶಗಳಲ್ಲಿ ನಡೆಯುತ್ತವೆ. ಬಹಳ ಕಡೆ ಒಂದು ಪದ್ಧತಿ ಇದೆ. ಕಥೆ ಹೇಳಿದವರು ಆಮೇಲೆ ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಸುಮ್ಮನಿರಬೇಕು. ಉಳಿದವರು ಆ ರೋಗಿ ಬಗ್ಗೆ, ಈ ಡಾಕ್ಟರ ಬಗ್ಗೆ ತಮಗೆ ಅನ್ನಿಸಿದ್ದು ಮಾತಾಡುತ್ತಾರೆ. ಔಷಧಿ ಯಾವುದು ಕೊಡಬೇಕಿತ್ತು ಅನ್ನೋ ಚರ್ಚೆ ಅಲ್ಲ. ನಿಮ್ಮಲ್ಲೂ ತಿಂಗಳಿಗೊಂದು ಶನಿವಾರ ಕೊನೆಯ ಪೀರಿಯಡ್ ಬಿಡಿಸಿ, ಎಂಟು ಜನ ಕೂತು, ಒಬ್ಬ ಮಗುವಿನ ಬಗ್ಗೆ ಹೀಗೆ ಮಾಡಿ ನೋಡಿ. ಮೊದಲ ಕಥೆ ನೀವೇ ಹೇಳಬೇಕು, ಅದೂ ನೀವು ಸೋತ ಕಥೆ. ಗೆದ್ದ ಕಥೆ ಹೇಳಿದಿರೋ, ಮುಂದಿನ ತಿಂಗಳು ಎಲ್ಲರೂ ಭಾಷಣ ತಯಾರಿ ಮಾಡಿಕೊಂಡು ಬರುತ್ತಾರೆ.

ಕಾಯದೆ ಉತ್ತರ ಕೊಟ್ಟ ಕಾಗದ

ಗುಬ್ಬಿ ಕಡೆಯಿಂದ ಒಬ್ಬ ತಾಯಿ ಬರೆದಿದ್ದರು. ಗಂಡ ಹಳ್ಳಿಯ ಸಹಕಾರ ಸಂಘದ ಕಾರ್ಯದರ್ಶಿ. ಲೆಕ್ಕದ ತಕರಾರು ನಡೆಯುತ್ತಿದೆ. ಮೂರು ವಾರದಿಂದ ನಿದ್ದೆ ಇಲ್ಲ, ಊಟ ಇಲ್ಲ. ‘ನಾನೇ ಇಲ್ಲದಿದ್ರೆ ನಿಮಗೆಲ್ಲ ನಿರಾಳ’ ಅಂತಾರೆ, ಸುಮ್ನೆ ಬೇಜಾರಿಗೆ ಅಂತಿರಬಹುದಾ ಅಂತ ಕೇಳಿದ್ದರು. ಕಾಗದ ಕೈಗೆ ಸಿಕ್ಕ ದಿನವೇ ಅವರಿಗೆ ಫೋನ್ ಮಾಡಿದೆ. ಬೇರೆ ಮನೆಗಳಿಗೂ ಬೇಕಾಗಬಹುದು ಅಂತ ಅವರ ಒಪ್ಪಿಗೆಯಿಂದ ಇಲ್ಲಿ ಹಾಕಿದ್ದೇನೆ.

ಬೇಜಾರಿಗೆ ಅಂದರು ಅಂತ ಬಿಡಬೇಡಿ. ನೇರವಾಗಿ ಕೇಳಿ, ‘ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಅಂತ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋ ಭಯ ಬೇಡ, ಹಾಗಾಗೋದಿಲ್ಲ. ಕೇಳಿದರೆ ಎದೆ ಹಗುರಾಗೋದೇ ಹೆಚ್ಚು. ಒಬ್ಬರನ್ನೇ ಬಿಡಬೇಡಿ. ತೋಟಕ್ಕೆ ಹೊಡೆಯೋ ಔಷಧಿ ಮನೆಯಲ್ಲಿದ್ದರೆ ಇವತ್ತೇ ಬೇರೆಯವರ ಮನೆಗೆ ಸಾಗಿಸಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, 2022ರಿಂದ ಇದೆ. ದುಡ್ಡು ಬೇಡ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವರೂ ಮಾತಾಡಬಹುದು, ಅವರ ಬಗ್ಗೆ ನೀವೂ ಮಾತಾಡಬಹುದು. ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರನ್ನು ನೋಡಿ. ಆ ಕ್ಷಣದ ಅಪಾಯ ಅನ್ನಿಸಿದರೆ 112. ಲೆಕ್ಕದ ತಕರಾರಿಗೆ ವಕೀಲರಿದ್ದಾರೆ, ಅದು ಆಮೇಲೆ ನೋಡೋಣ.

ಬೈಟು ಕಾಫಿಯ ಮಾತು ಈ ಹಂತಕ್ಕೆ ಸಾಲದು. ಇದು ಡಾಕ್ಟರ ಕೆಲಸ. ಅವರು ಆಸ್ಪತ್ರೆಗೆ ಹೋಗಿ ಬಂದಿದ್ದಾರೆ, ಎರಡನೇ ಸಲದ ತಾರೀಖೂ ಗೊತ್ತಾಗಿದೆ ಅಂತ ಆ ತಾಯಿ ಮೊನ್ನೆ ಫೋನ್ ಮಾಡಿ ಹೇಳಿದರು.

ನೀವು ಯಾರ ಹತ್ತಿರ?

ಎಲ್ಲರಿಗೂ ಉತ್ತರ ಹೇಳ್ತೀರಲ್ಲ ಮೇಡಂ, ನೀವು ಯಾರ ಹತ್ತಿರ ಹೇಳ್ಕೊಳ್ತೀರಿ?
— ಕಾಲೇಜು ವಿದ್ಯಾರ್ಥಿನಿ, ಶಿರಾ

ಈ ಪ್ರಶ್ನೆ ಇದುವರೆಗೆ ಯಾರೂ ಕೇಳಿರಲಿಲ್ಲ ಮಗಳೇ. ಮಧುಗಿರಿ ಬಸ್ ಸ್ಟಾಂಡಿನ ನನ್ನ ಹಿರಿಯರು ಈಗಿಲ್ಲ. ಕೊನೆಯ ವರ್ಷ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಆದರೂ ನಾನು ಹೋಗಿ ಹೇಳುತ್ತಿದ್ದೆ, ಅವರು ಮುಖ ನೋಡಿ ಸರಿಯಾದ ಜಾಗದಲ್ಲೇ ‘ಆಮೇಲೆ?’ ಅನ್ನುತ್ತಿದ್ದರು.

ಈಗ ಮುಳಬಾಗಿಲಿನಲ್ಲಿ ಒಬ್ಬ ಸ್ನೇಹಿತೆ ಇದ್ದಾಳೆ. ನರ್ಸ್ ಆಗಿ ನಿವೃತ್ತಳಾದವಳು. ಗುರುವಾರ ನಾಲ್ಕು ಗಂಟೆಗೆ ಒಂದು ವಾರ ನಾನು ಫೋನ್ ಮಾಡುತ್ತೇನೆ, ಒಂದು ವಾರ ಅವಳು. ಗುಬ್ಬಿಯ ಕಾಗದ ಬಂದ ವಾರ ನನ್ನ ಕೈ ನಡುಗಿದ್ದನ್ನು ಅವಳ ಹತ್ತಿರವೇ ಹೇಳಿದ್ದು. ಅವಳಿಗೆ ಸಲಹೆ ಕೊಡೋ ಚಟ ಇನ್ನೂ ಪೂರ್ತಿ ಬಿಟ್ಟಿಲ್ಲ. ಕೊಡೋಕೆ ಹೊರಟರೆ ನಾನು ಕೆಮ್ಮುತ್ತೇನೆ. ಅವಳು ‘ಸರಿ ಸರಿ, ಆಮೇಲೆ?’ ಅನ್ನುತ್ತಾಳೆ. ಹಿಂದೆ ಅವಳ ಮೊಮ್ಮಗನ ಕಾರ್ಟೂನ್ ಓಡುತ್ತಿರುತ್ತೆ.

ಹಾಗಾಗಿ ಗುರುವಾರ ನಾಲ್ಕರಿಂದ ಮುಕ್ಕಾಲು ಗಂಟೆ ನನ್ನ ಫೋನ್ ಎಂಗೇಜ್ ಬರುತ್ತೆ. ನಾಲ್ಕೂವರೆಗೆ ಬಿಡದೆ ಪ್ರಯತ್ನ ಮಾಡುವ ಗ್ಯಾಸ್ ಏಜೆನ್ಸಿ ಹುಡುಗನಿಗೂ ಈ ಮೂಲಕ ತಿಳಿಸಿದ್ದೇನೆ.